ಮೋಟಾರ್ ಸರಿಯಿತ್ತು, ಪ್ರೊಪೆಲ್ಲರ್ ಹೊಂದಿಕೆಯಾಗಿರಲಿಲ್ಲ: 15 ಎಚ್‌ಪಿ ಔಟ್‌ಬೋರ್ಡ್‌ನ ರಿಪೇರಿ ಡೈರಿ

ಮಾವನದು 15 ಅಡಿಯ ಫೈಬರ್ ದೋಣಿ. ಅದರ ಹಿಂದೆ 15 ಎಚ್‌ಪಿಯ ಎರಡು ಸ್ಟ್ರೋಕ್‌ನ ಒಂದು ಪೆಟ್ರೋಲ್ ಔಟ್‌ಬೋರ್ಡ್. ಔಟ್‌ಬೋರ್ಡ್ ಅಂದರೆ ದೋಣಿಯ ಹಿಂದಿನ ಹಲಗೆಗೆ ಹೊರಗಿನಿಂದ ಕೂರಿಸುವ ಮೋಟಾರ್. ದೋಣಿ, ಮೋಟಾರ್ ಎರಡನ್ನೂ ಒಟ್ಟಿಗೇ ಸೆಕೆಂಡ್ ಹ್ಯಾಂಡ್‌ನಲ್ಲಿ ತೆಗೆದುಕೊಂಡಿದ್ದರು. ಗಂಗೊಳ್ಳಿ ಅಳಿವೆ (ಹೊಳೆ ಸಮುದ್ರ ಸೇರುವ ಬಾಯಿ) ದಾಟಿ ಸ್ವಲ್ಪ ಹೊರಗೆ ಹೋಗಿ ಬಲೆ ಬಿಟ್ಟು ಬರುವುದು ಕೆಲಸ. ಮೂರು ಜನ, ಸುಮಾರು 60 ಕೆಜಿ ಬಲೆ, ಒಂದು ಐಸ್ ಪೆಟ್ಟಿಗೆ, ಪೆಟ್ರೋಲ್ ಟ್ಯಾಂಕ್. ದಿನಾ ಇಷ್ಟು ಭಾರ ಇದ್ದೇ ಇರುತ್ತದೆ.

ಹೋದ ಸೀಸನ್ ಪೂರ್ತಿ ಅವರದು ಒಂದೇ ದೂರು. "ಸೌಂಡ್ ಮಾತ್ರ ಜೋರು ಮಾರಾಯ, ದೋಣಿ ಮುಂದೆ ಹೋತಿಲ್ಲೆ."

ಅಳಿವೆಯಲ್ಲಿ ಇದು ಬರೀ ದೂರಲ್ಲ, ಹೆದರಿಕೆಯ ವಿಷಯ. ಸೌಪರ್ಣಿಕಾ, ವಾರಾಹಿ, ಚಕ್ರಾ ಸೇರಿ ಐದು ಹೊಳೆಗಳ ನೀರು ಅಲ್ಲಿ ಸಮುದ್ರಕ್ಕೆ ಬೀಳುತ್ತದೆ. ಇಳಿತದ ಹೊತ್ತಿಗೆ ಒಳಗೆ ಬರುವಾಗ ನೀರು ಎದುರಿಗೆ ತಳ್ಳುತ್ತದೆ, ಹಿಂದಿನಿಂದ ಅಲೆ ಏಳುತ್ತದೆ. ಆ ಜಾಗದಲ್ಲಿ ದೋಣಿಗೆ ದಮ್ಮು ಬೇಕು. ದಮ್ಮಿಲ್ಲದ ದೋಣಿ ಅಲೆಯ ಕೈಗೆ ಸಿಕ್ಕಿ ಅಡ್ಡ ತಿರುಗುತ್ತದೆ.

ಇಬ್ಬರು ಮೆಕ್ಯಾನಿಕ್ ನೋಡಿದ್ದರು. ಒಬ್ಬರು ಕಾರ್ಬುರೇಟರ್ ಬಿಚ್ಚಿ ತೊಳೆದರು. ಇನ್ನೊಬ್ಬರು ಬೋರ್ ಮಾಡಿಸಬೇಕು (ಸವೆದ ಸಿಲಿಂಡರನ್ನು ಕೊರೆಸಬೇಕು), ಪಿಸ್ಟನ್ ಬದಲಿಸಬೇಕು ಅಂದರು. ಹಣ ಕೊಡುವ ಮೊದಲು ನನಗೆ ಒಂದು ಫೋನ್ ಮಾಡಿದರು ಮಾವ. ನಾನು ಪಂಪ್‌ಸೆಟ್, ಸಣ್ಣ ಎಂಜಿನ್ ರಿಪೇರಿ ಮಾಡುವವನು. ಮೇ ಕೊನೆಯ ವಾರ ಊರಿಗೆ ಹೋದೆ.

ಮೊದಲು ಅಳತೆ

ಔಟ್‌ಬೋರ್ಡ್ ತೊಂದರೆ ಅಂದರೆ ಎಲ್ಲರೂ ಕಿವಿ ಕೊಟ್ಟು ಕೇಳಿ ತೀರ್ಮಾನ ಮಾಡುತ್ತಾರೆ. ಎರಡು ಸ್ಟ್ರೋಕ್ ಮೋಟಾರ್ ನಿಮಿಷಕ್ಕೆ 3700 ಸುತ್ತು (ಆರ್‌ಪಿಎಂ) ತಿರುಗಿದರೂ ಜೋರಾಗಿ ಕೇಳುತ್ತದೆ, 5000ದಲ್ಲಿ ತಿರುಗಿದರೂ ಜೋರಾಗಿ ಕೇಳುತ್ತದೆ. ಕಿವಿಗೆ ಆ ವ್ಯತ್ಯಾಸ ಹಿಡಿಯುವುದು ಕಷ್ಟ. ಹಾಗಾಗಿ ಮೊದಲ ದಿನವೇ ಸ್ಪಾರ್ಕ್ ಪ್ಲಗ್‌ನ ವೈರಿಗೆ ಸುತ್ತುವ, ಎಂಜಿನ್ನಿನ ಸುತ್ತು ಎಣಿಸುವ ಸಣ್ಣ ಟ್ಯಾಕೋಮೀಟರ್ ಹಾಕಿದೆ. ಮೀಟರಿನ ತೆಳು ವೈರನ್ನು ಪ್ಲಗ್ ವೈರಿನ ಮೇಲೆ ನಾಲ್ಕೈದು ಸುತ್ತು ಸುತ್ತಿ ಟೈ ಹಾಕಿದರೆ ಆಯಿತು. ಮೋಟಾರನ್ನು ಬಿಚ್ಚುವ ಕೆಲಸವೇ ಇಲ್ಲ.

ಮೊದಲ ಓಟದಲ್ಲಿ ಮೀಟರ್ 7400 ತೋರಿಸಿತು. ಈ ಮೋಟಾರ್ ಅಷ್ಟು ತಿರುಗಲು ಸಾಧ್ಯವೇ ಇಲ್ಲ. ಮ್ಯಾನ್ಯುವಲ್‌ನಲ್ಲಿ ಫುಲ್ ಥ್ರಾಟಲ್‌ಗೆ (ಹಿಡಿ ಪೂರ್ತಿ ತಿರುಗಿಸಿದಾಗ) 4500ರಿಂದ 5500 ಅಂತ ಇದೆ. ಸ್ವಲ್ಪ ಯೋಚಿಸಿದ ಮೇಲೆ ಕಾರಣ ಸಿಕ್ಕಿತು. ಇದರಲ್ಲಿ ಒಂದೇ ಕಾಯಿಲ್ ಎರಡೂ ಪ್ಲಗ್‌ಗೆ ಒಟ್ಟಿಗೆ ಕಿಡಿ ಕೊಡುತ್ತದೆ. ಅಂದರೆ ಕ್ರ್ಯಾಂಕ್ ಒಂದು ಸುತ್ತು ಹಾಕುವಷ್ಟರಲ್ಲಿ ಒಂದೊಂದು ವೈರಿನಲ್ಲೂ ಎರಡು ಕಿಡಿ ಹೋಗುತ್ತವೆ. ಮೀಟರ್ ಸೆಟ್ಟಿಂಗ್ "ಸುತ್ತಿಗೆ ಒಂದು ಕಿಡಿ" ಅಂತ ಇತ್ತು. "ಎರಡು" ಮಾಡಿದೆ. 3700 ಬಂತು. ಮೀಟರ್ ಹಾಕುವವರು ಇದನ್ನು ಐಡಲ್‌ನಲ್ಲೇ ನೋಡಿಕೊಳ್ಳುವುದು ಒಳ್ಳೆಯದು. ಐಡಲ್ ಎಷ್ಟಿರಬೇಕು ಅಂತ ಮ್ಯಾನ್ಯುವಲ್ ಹೇಳುತ್ತದೆ, ಮೀಟರ್ ಅದರ ಎರಡು ಪಟ್ಟು ತೋರಿಸಿದರೆ ಸೆಟ್ಟಿಂಗ್ ತಪ್ಪು.

ವೇಗಕ್ಕೆ ಮೊಬೈಲಿನ ಜಿಪಿಎಸ್ ಸಾಕು. ಆದರೆ ಹೊಳೆಯಲ್ಲಿ ಒಂದೇ ದಿಕ್ಕಿಗೆ ಹೋಗಿ ಅಳೆದರೆ ಏನೂ ಪ್ರಯೋಜನ ಇಲ್ಲ. ನೀರಿನ ಹರಿವು ಸೇರಿಕೊಳ್ಳುತ್ತದೆ. ಅದೇ ದಾರಿಯಲ್ಲಿ ಹೋಗಿ, ತಕ್ಷಣ ತಿರುಗಿ ಬಂದು, ಎರಡರ ಸರಾಸರಿ ತೆಗೆದುಕೊಳ್ಳಬೇಕು. ಮುಂದೆ ಬರೆದಿರುವ ಎಲ್ಲಾ ವೇಗಗಳೂ ಹಾಗೆ ಅಳೆದವು.

ಮೇ ತಿಂಗಳ ಲೆಕ್ಕ ಇದು. ಇಬ್ಬರೇ ಕೂತು, ಬಲೆ ಇಲ್ಲದೆ: 4350 ಆರ್‌ಪಿಎಂ, ಗಂಟೆಗೆ 22 ಕಿಮೀ. ಮೂರು ಜನ, ಬಲೆ, ಐಸ್ ಎಲ್ಲಾ ಹಾಕಿ: 3700 ಆರ್‌ಪಿಎಂ, ಗಂಟೆಗೆ 11.5 ಕಿಮೀ. ಮೂತಿ ಮೇಲೆತ್ತಿಕೊಂಡು, ಹಿಂಭಾಗ ಮುಳುಗಿಸಿಕೊಂಡು, ದೋಣಿ ನೀರನ್ನು ಉಳುತ್ತಾ ಹೋಗುತ್ತಿತ್ತು. ಒಮ್ಮೆಯೂ ನೀರಿನ ಮೇಲೆ ಎದ್ದು ಓಡಲಿಲ್ಲ.

ಭಾರ ಹಾಕಿದಾಗ 4500ಕ್ಕೂ ಮುಟ್ಟದ ಮೋಟಾರ್ ಅಂದರೆ, ಬಾಳೆಬರೆ ಘಾಟಿಯನ್ನು ಟಾಪ್ ಗೇರಿನಲ್ಲಿ ಹತ್ತುತ್ತಿರುವ ಲೋಡ್ ಲಾರಿ ಇದ್ದ ಹಾಗೆ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಂಜಿನ್ ಮುಲುಕುತ್ತದೆಯೇ ಹೊರತು ಏರುವುದಿಲ್ಲ. ಲಾರಿಯವನು ಗೇರ್ ಇಳಿಸುತ್ತಾನೆ. ಔಟ್‌ಬೋರ್ಡ್‌ನಲ್ಲಿ ಮುಂದೆ, ಹಿಂದೆ, ನ್ಯೂಟ್ರಲ್ ಬಿಟ್ಟರೆ ಬೇರೆ ಗೇರಿಲ್ಲ. ಇಲ್ಲಿ ಗೇರ್ ಇಳಿಸಬೇಕಾದರೆ ಪ್ರೊಪೆಲ್ಲರನ್ನೇ ಬದಲಿಸಬೇಕು.

ಸುಮ್ನೆ ಎಳೆಸಿಕೊಂಡು ಓಡಿಸಿದರೆ ಆಗುವುದು ವೇಗದ ನಷ್ಟ ಮಾತ್ರ ಅಲ್ಲ. ಥ್ರಾಟಲ್ ಪೂರ್ತಿ ತೆರೆದಿದ್ದು ಆರ್‌ಪಿಎಂ ಕಮ್ಮಿ ಇದ್ದರೆ ಸಿಲಿಂಡರಿನಲ್ಲಿ ಬಿಸಿ, ಒತ್ತಡ ಎರಡೂ ಏರುತ್ತವೆ. ಪಿಸ್ಟನ್ ಬಡಿಯಲು ಶುರುವಾಗುತ್ತದೆ, ಕಾರ್ಬನ್ ಕೂರುತ್ತದೆ, ರಿಂಗ್ ಹಿಡಿದುಕೊಳ್ಳುತ್ತದೆ. ಸೀಮೆಎಣ್ಣೆಯಲ್ಲಿ ಓಡುವ ಮೋಟಾರ್‌ಗಳಿಗೆ ಇದು ಇನ್ನೂ ಕೆಟ್ಟದ್ದು. ಸೀಮೆಎಣ್ಣೆ ಪೆಟ್ರೋಲಿಗಿಂತ ಬೇಗ ಬಡಿತಕ್ಕೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ಅಂಥ ಮೋಟಾರ್‌ಗಳೇ ಜಾಸ್ತಿ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಪ್ರೊಪೆಲ್ಲರಿಗೆ ಮೊದಲು ಎಂಜಿನ್

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. 10 ಎಚ್‌ಪಿ ಮೀರಿದ ಮೋಟಾರಿನ ದೋಣಿಗಳೂ ಅದರಲ್ಲಿ ಸೇರುತ್ತವೆ. ಹಾಗಾಗಿ ಮಾವನ ದೋಣಿ ದಡದ ಮೇಲೆ ತೆಂಗಿನ ಗರಿಯ ಮಾಡಿನಡಿಗೆ ಬಂತು. 61 ದಿನ ನಮ್ಮ ಕೈಯಲ್ಲಿ.

ಎಂಜಿನ್‌ನಲ್ಲೇ ದೋಷ ಇದ್ದರೆ ಪ್ರೊಪೆಲ್ಲರ್ ಬದಲಿಸಿ ಅದನ್ನು ಮುಚ್ಚಿಹಾಕಿದ ಹಾಗಾಗುತ್ತದೆ. ಆರ್‌ಪಿಎಂ ಏರುತ್ತದೆ, ಎಲ್ಲರಿಗೂ ಖುಷಿ. ಮೂರು ತಿಂಗಳಲ್ಲಿ ಅದೇ ಎಂಜಿನ್ ನಿಲ್ಲುತ್ತದೆ. ಅದಕ್ಕೆ ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಒತ್ತುವ ಒತ್ತಡ, ನೋಡಿದೆ. ಮೇಲಿನ ಸಿಲಿಂಡರ್ 108, ಕೆಳಗಿನದು 105 ಪಿಎಸ್‌ಐ. ಎರಡರ ನಡುವೆ ಹತ್ತು ಪರ್ಸೆಂಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಚಿಂತೆ ಮಾಡಬೇಕು. ಇಲ್ಲಿ ಇಲ್ಲ. ಬೋರ್ ಮಾಡಿಸುವ ಮಾತು ಅಲ್ಲಿಗೆ ಮುಗಿಯಿತು.

ಪೆಟ್ರೋಲ್ ಸಾಲದೆ ಹೀಗಾಗುತ್ತಿದೆಯೇ ಅಂತ ನೋಡಲು ಒಂದು ಸುಲಭದ ದಾರಿ ಇದೆ. ಫುಲ್ ಥ್ರಾಟಲ್‌ನಲ್ಲಿ ಓಡುವಾಗ ಇನ್ನೊಬ್ಬರು ಪೆಟ್ರೋಲ್ ಪೈಪಿನ ಪ್ರೈಮರ್ ಬಲ್ಬನ್ನು (ಕೈಯಲ್ಲಿ ಒತ್ತಿ ಪೆಟ್ರೋಲ್ ತಳ್ಳುವ ರಬ್ಬರ್ ಉಂಡೆ) ಒತ್ತುತ್ತಾ ಇರಬೇಕು. ಆಗ ಆರ್‌ಪಿಎಂ ಏರಿದರೆ ಪಂಪ್, ಫಿಲ್ಟರ್ ಅಥವಾ ಟ್ಯಾಂಕಿನ ಗಾಳಿತೂತು, ಮೂರರಲ್ಲಿ ಒಂದು ತೊಂದರೆ. ಮೇ ತಿಂಗಳಲ್ಲೇ ಇದನ್ನು ಮಾಡಿ ನೋಡಿದ್ದೆ. ಏರಲಿಲ್ಲ. ಫಿಲ್ಟರ್ ಬಟ್ಟಲಿನಲ್ಲಿ ಮಾತ್ರ ಸ್ವಲ್ಪ ನೀರಿತ್ತು. ಈಗ ಬರುವ ಎಥನಾಲ್ ಬೆರೆಸಿದ ಪೆಟ್ರೋಲ್ ನೀರನ್ನು ಎಳೆದುಕೊಳ್ಳುತ್ತದೆ, ಜಾಸ್ತಿಯಾದರೆ ಎಥನಾಲ್, ನೀರು ಎರಡೂ ಸೇರಿ ತಳಕ್ಕೆ ಕೂರುತ್ತವೆ. ಕರಾವಳಿಯ ತೇವದ ಗಾಳಿಯಲ್ಲಿ ಅರ್ಧ ತುಂಬಿದ ಟ್ಯಾಂಕನ್ನು ವಾರಗಟ್ಟಲೆ ಇಡಬಾರದು. ಮಾವನಿಗೂ ಅದನ್ನೇ ಹೇಳಿದೆ. ಮಳೆಗಾಲಕ್ಕೆ ಟ್ಯಾಂಕ್ ಖಾಲಿ ಮಾಡಿಟ್ಟರು.

ಒಂದು ದೋಷ ಸಿಕ್ಕಿತು. ಹಿಡಿಯನ್ನು ಪೂರ್ತಿ ತಿರುಗಿಸಿದರೂ ಕಾರ್ಬುರೇಟರಿನ ಬಟರ್‌ಫ್ಲೈ (ಗಾಳಿ ಬಿಡುವ ತಿರುಗು ಬಾಗಿಲು) ಪೂರ್ತಿ ತೆರೆಯುತ್ತಿರಲಿಲ್ಲ. ಕೇಬಲ್ ಸಡಿಲ ಆಗಿತ್ತು. ಸರಿ ಮಾಡಿದೆ. ಐದು ನಿಮಿಷದ ಕೆಲಸ ಇದು. ಆದರೆ ಇದನ್ನು ಬಿಟ್ಟು ಮುಂದೆ ಹೋಗಿದ್ದರೆ ನನ್ನ ಮುಂದಿನ ಎಲ್ಲಾ ಲೆಕ್ಕಗಳೂ ತಪ್ಪುತ್ತಿದ್ದವು.

ದೋಣಿಯ ತಳ ಕೆರೆದೆವು. ಗಟ್ಟಿ ಚಿಪ್ಪು, ಪಾಚಿ ಎಲ್ಲಾ ಸೇರಿ ಎರಡು ಬುಟ್ಟಿ ಬಂತು.

ಮೋಟಾರ್ ಕೂತ ಎತ್ತರ

ಪ್ರೊಪೆಲ್ಲರಿನ ಮೇಲೆ ಮೋಟಾರಿನ ಕಾಲಿನಲ್ಲಿ ಅಡ್ಡಲಾಗಿ ಒಂದು ಚಪ್ಪಟೆ ತಗಡು ಇರುತ್ತದೆ. ಮೆಕ್ಯಾನಿಕ್‌ಗಳು ಕ್ಯಾವಿಟೇಷನ್ ಪ್ಲೇಟ್ ಅನ್ನುತ್ತಾರೆ. ಅದರ ನಿಜವಾದ ಕೆಲಸ ಮೇಲಿನ ಗಾಳಿ ಪ್ರೊಪೆಲ್ಲರಿಗೆ ಎಳೆದುಕೊಂಡು ಬರದ ಹಾಗೆ ತಡೆಯುವುದು. ಸಾಮಾನ್ಯವಾಗಿ ಈ ಪ್ಲೇಟ್ ದೋಣಿಯ ತಳದ ಸಮಕ್ಕೆ, ಇಲ್ಲವೇ ಅದಕ್ಕಿಂತ ಒಂದು ಇಂಚಿನಷ್ಟು ಕೆಳಗೆ ಇರಬೇಕು. ಉದ್ದ ಮರದ ಪಟ್ಟಿಯನ್ನು ತಳಕ್ಕೆ ಹಿಡಿದು ಹಿಂದಕ್ಕೆ ಚಾಚಿ ನೋಡಿದರೆ ಗೊತ್ತಾಗುತ್ತದೆ.

ನಮ್ಮದು ಎರಡೂವರೆ ಇಂಚು ಕೆಳಗಿತ್ತು. ಅಂದರೆ ಮೋಟಾರಿನ ಕಾಲು ಬೇಡದೆ ನೀರಿನಲ್ಲಿ ಆಳಕ್ಕೆ ಹೋಗಿ ಎಳೆತ ಹೆಚ್ಚಿಸುತ್ತಿತ್ತು. ಹಿಂದಿನ ಹಲಗೆಯ ಮೇಲೆ ಹೆಬ್ಬಲಸಿನ ಒಂದೂವರೆ ಇಂಚಿನ ಪಟ್ಟಿ ಕೂರಿಸಿ ಮೋಟಾರನ್ನು ಅಷ್ಟು ಎತ್ತಿದೆವು. ಹಳೆಯ ಬೋಲ್ಟ್ ತೂತುಗಳನ್ನು ರೆಸಿನ್ ತುಂಬಿಸಿ ಮುಚ್ಚಿದೆವು. ಅದನ್ನು ಮರೆತರೆ ಫೈಬರಿನ ಒಳಗಿನ ಮರಕ್ಕೆ ನೀರು ಇಳಿದು ಕೊಳೆಯುತ್ತದೆ.

ಹಳೇ ಪ್ರೊಪೆಲ್ಲರನ್ನು ಮೇಜಿನ ಮೇಲೆ ಇಟ್ಟು

ಪ್ರೊಪೆಲ್ಲರಿಗೆ ಕೈ ಹಾಕುವ ಮೊದಲು ಪ್ಲಗ್ ಕ್ಯಾಪ್ ಎರಡನ್ನೂ ಕಿತ್ತಿಡಿ. ಗೇರಿನಲ್ಲಿದ್ದ ಮೋಟಾರಿನ ಪ್ರೊಪೆಲ್ಲರ್ ತಿರುಗಿಸಿದರೆ ಎಂಜಿನ್ ಹೊತ್ತಿಕೊಳ್ಳಬಹುದು. ಬೆರಳು ಮತ್ತೆ ಹುಟ್ಟುವುದಿಲ್ಲ.

ನಟ್ ಬಿಚ್ಚಿಕೊಳ್ಳದಂತೆ ಹಾಕಿದ್ದ ಪಿನ್ ನೇರ ಮಾಡಿ ತೆಗೆದು, ನಟ್ ಬಿಚ್ಚಿ ಎಳೆದೆ. ಹಿಂದಿನ ವಾಷರಿನ ಬಳಿ ಬಲೆಯ ನೈಲಾನ್ ನೂಲು ಬಿಗಿಯಾಗಿ ಸುತ್ತಿಕೊಂಡಿತ್ತು. ಇದು ಹಾಗೇ ಇದ್ದರೆ ಎಣ್ಣೆಯ ಸೀಲನ್ನು ಕೊಯ್ದು ಗೇರ್ ಬಾಕ್ಸಿಗೆ ನೀರು ಬಿಡುತ್ತದೆ. ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ ಗೇರ್ ಎಣ್ಣೆ ನೋಡಿದೆ. ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ. ಸೀಲ್ ಉಳಿದಿತ್ತು. ಬಲೆ ಹಾಕುವವರು ತಿಂಗಳಿಗೊಮ್ಮೆ ಪ್ರೊಪೆಲ್ಲರ್ ತೆಗೆದು ನೋಡಲೇಬೇಕು, ಇದಕ್ಕೆ ಬೇರೆ ದಾರಿ ಇಲ್ಲ.

ಉಪ್ಪು ಕೆರೆದ ಮೇಲೆ ಅಕ್ಷರ ಕಾಣಿಸಿತು: 9 1/4 × 10 1/2. ಮೊದಲನೆಯದು ಅಗಲ, ಅಂದರೆ ರೆಕ್ಕೆಗಳ ತುದಿ ಸುತ್ತುವ ವೃತ್ತದ ವ್ಯಾಸ. ಎರಡನೆಯದು ಪಿಚ್. ಎರಡೂ ಇಂಚಿನಲ್ಲಿ. ಪಿಚ್ ಅಂದರೆ, ಪ್ರೊಪೆಲ್ಲರ್ ಮರಕ್ಕೆ ಸ್ಕ್ರೂ ಇಳಿದ ಹಾಗೆ ನೀರಿನಲ್ಲಿ ಇಳಿಯುತ್ತಾ ಹೋದರೆ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗಬಹುದೋ ಅಷ್ಟು. ಪಿಚ್ ಜಾಸ್ತಿ ಅಂದರೆ ಟಾಪ್ ಗೇರ್. ಕಮ್ಮಿ ಅಂದರೆ ಘಾಟಿ ಹತ್ತುವ ಗೇರ್.

ಮೊದಲಿನ ಮಾಲೀಕರು ಈ ದೋಣಿಯನ್ನು ಹೊಳೆಯ ಒಳಗೆ ಓಡಾಟಕ್ಕೆ ಇಟ್ಟುಕೊಂಡಿದ್ದರಂತೆ. ಒಬ್ಬರೋ ಇಬ್ಬರೋ ಕೂತು ಹೋಗುವುದು. ಅದಕ್ಕೆ ಹತ್ತೂವರೆ ಸರಿಯೇ ಇತ್ತು. ದೋಣಿಯ ಕೆಲಸ ಬದಲಾಯಿತು, ಪ್ರೊಪೆಲ್ಲರ್ ಅದೇ ಉಳಿಯಿತು. ಮೂಲ ಕಾರಣ ಇದೇ.

ಆದರೆ ಹತ್ತೂವರೆಯಲ್ಲೂ ಇಬ್ಬರೇ ಕೂತಾಗ 4350 ಬಂದದ್ದು ನನಗೆ ಕಮ್ಮಿ ಅನಿಸಿತು. ಪ್ರೊಪೆಲ್ಲರಿನ ಒಂದು ರೆಕ್ಕೆಯ ಮೇಲೆ ಹಳೆಯ ವೆಲ್ಡಿಂಗಿನ ಗುರುತಿತ್ತು. ಹಾಗಾಗಿ ಮೇಜಿನ ಮೇಲೆ ಇಟ್ಟು ಪಿಚ್ ಅಳೆದೆ. ಇದಕ್ಕೆ ದೊಡ್ಡ ಸಾಮಾನು ಬೇಕಿಲ್ಲ. ನೀರನ್ನು ತಳ್ಳುವ ಮೈ ಮೇಲೆ ಬರುವ ಹಾಗೆ ಸಮತಟ್ಟಾದ ಗಾಜಿನ ಮೇಲೆ ಪ್ರೊಪೆಲ್ಲರ್ ಇಡಬೇಕು. ನಡುವಿನಿಂದ ತುದಿಗೆ ಇರುವ ದೂರದ ಹತ್ತರಲ್ಲಿ ಏಳು ಭಾಗದಲ್ಲಿ, ನಮ್ಮದರಲ್ಲಿ 82 ಮಿಲಿಮೀಟರ್ ದೂರದಲ್ಲಿ, ಪ್ರತಿ ರೆಕ್ಕೆಯ ಮೇಲೆ ಒಂದು ಕಂಸ ಗುರುತು ಹಾಕಬೇಕು. ಆ ಕಂಸದ ಮೇಲೆ 30 ಡಿಗ್ರಿ ಅಂತರದಲ್ಲಿ ಎರಡು ಚುಕ್ಕಿ. ಗಾಜಿನಿಂದ ಎರಡೂ ಚುಕ್ಕಿಗಳ ಎತ್ತರ ಅಳೆದು, ಒಂದರಿಂದ ಇನ್ನೊಂದನ್ನು ಕಳೆದು, 12ರಿಂದ ಗುಣಿಸಿದರೆ ಪಿಚ್. ಯಾಕೆ 12 ಅಂದರೆ 30 ಡಿಗ್ರಿ ಹನ್ನೆರಡು ಸಲ ಸೇರಿದರೆ ಒಂದು ಪೂರ್ತಿ ಸುತ್ತು.

ಎರಡು ರೆಕ್ಕೆಗಳಲ್ಲಿ 22 ಮಿಲಿಮೀಟರ್ ಬಂತು. 264 ಮಿಲಿಮೀಟರ್, ಅಂದರೆ 10.4 ಇಂಚು. ಬರೆದದ್ದಕ್ಕೆ ಸರಿಹೋಯಿತು. ವೆಲ್ಡಿಂಗ್ ಆಗಿದ್ದ ರೆಕ್ಕೆಯಲ್ಲಿ 25. ಅಂದರೆ 300 ಮಿಲಿಮೀಟರ್, ಹತ್ತಿರ ಹತ್ತಿರ 11.8 ಇಂಚು. ಮೂರು ಎತ್ತಿನ ಗಾಡಿಯಲ್ಲಿ ಒಂದು ಎತ್ತು ಬೇರೆ ಕಡೆಗೆ ಎಳೆದ ಹಾಗೆ. ಹಿಡಿ ನಡುಗುತ್ತದೆ ಅಂತ ಮಾವ ಹೇಳುತ್ತಿದ್ದದ್ದೂ ಇದಕ್ಕೇ. ರಿಪೇರಿ ಮಾಡಿದವರು ಆಕಾರವನ್ನು ಕಣ್ಣಂದಾಜಿನಲ್ಲಿ ತಂದಿದ್ದರು, ಪಿಚ್ ಅಳೆದಿರಲಿಲ್ಲ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಇಂಗ್ಲೆಂಡಿನಲ್ಲಿ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎಂಬ ರೈತ ಮರದ ಸ್ಕ್ರೂ ಕಟ್ಟಿದ ದೋಣಿಯನ್ನು ಪ್ಯಾಡಿಂಗ್ಟನ್ ಕಾಲುವೆಯಲ್ಲಿ ಓಡಿಸಿ ನೋಡುತ್ತಿದ್ದ. 1837ರಲ್ಲಿ ಒಂದು ದಿನ ಆ ಸ್ಕ್ರೂ ಮುರಿದು ಅರ್ಧದಷ್ಟು ಉದುರಿಹೋಯಿತು. ದೋಣಿ ನಿಲ್ಲುವ ಬದಲು ಮೊದಲಿಗಿಂತ ಜೋರಾಗಿ ಓಡಿತು. ನೀರಿನೊಳಗೆ ಜಾಸ್ತಿ ತಿರುಪು ಇದ್ದರೆ ಜಾಸ್ತಿ ಓಟ ಅಂತ ಅಲ್ಲಿಯವರೆಗೆ ಅವನೂ ನಂಬಿದ್ದ. ದಡದಲ್ಲಿ ಈ ಕತೆ ಹೇಳಿದಾಗ ಮಾವ ತುಂಬಾ ಹೊತ್ತು ಹಳೇ ಪ್ರೊಪೆಲ್ಲರನ್ನೇ ನೋಡುತ್ತಾ ಕೂತರು.

ಯಾವ ಪಿಚ್ ಬೇಕು

ಈ ಗಾತ್ರದ ಮೋಟಾರಿಗೆ 9 1/4 ಇಂಚು ಅಗಲದಲ್ಲೇ 8, 9, 9 3/4, 10 1/2, 12 ಅಂತ ಬೇರೆ ಬೇರೆ ಪಿಚ್ ಸಿಗುತ್ತವೆ. ಒಂದು ಇಂಚು ಪಿಚ್ ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ ಅನ್ನುವ ಲೆಕ್ಕ ಎಲ್ಲಾ ಕಡೆ ಚಾಲ್ತಿಯಲ್ಲಿದೆ. ಅದು ದೊಡ್ಡ ಮೋಟಾರ್‌ಗಳಿಗೆ. ಅಲ್ಲಿ ಪಿಚ್ 20 ಇಂಚಿನ ಹತ್ತಿರ ಇರುತ್ತದೆ, ಒಂದು ಇಂಚು ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ನಮ್ಮಲ್ಲಿ ಹತ್ತರಲ್ಲಿ ಒಂದು ಪಾಲು. ಆದ್ದರಿಂದ ಏರಿಕೆಯೂ ಜಾಸ್ತಿ ಇರಬೇಕು ಅಂತ ನನ್ನ ಅಂದಾಜು.

ನಮ್ಮ ಗುರಿ ಸ್ಪಷ್ಟ ಇತ್ತು. ದಿನಾ ಹೊರುವ ಭಾರದಲ್ಲಿ, ಫುಲ್ ಥ್ರಾಟಲ್‌ನಲ್ಲಿ, 5000ದ ಆಸುಪಾಸು. ಖಾಲಿ ದೋಣಿಯಲ್ಲಿ ಅಲ್ಲ. ಅಂಗಡಿಯಲ್ಲಿ "15 ಎಚ್‌ಪಿಗೆ ಇದೇ ಬರುವುದು" ಅಂತ ಒಂದು ಕೊಟ್ಟುಬಿಡುತ್ತಾರೆ. ಮೋಟಾರಿನ ಎಚ್‌ಪಿ ನೋಡಿದರೆ ಪ್ರೊಪೆಲ್ಲರ್ ಕೂರುತ್ತದೋ ಇಲ್ಲವೋ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಯಾವ ಪಿಚ್ ಅನ್ನುವುದನ್ನು ಹೊರೆ ಹೇಳಬೇಕು.

ಕೊಳ್ಳುವ ಮೊದಲು ಸಾಲ ತಂದು ನೋಡೋಣ ಅಂದೆ. ಬಂದರಿನಲ್ಲಿ ಅದೇ ಮಾದರಿಯ ಮೋಟಾರ್ ಇರುವವರು ಇದ್ದರು. ಶಾಫ್ಟಿನ ಹಲ್ಲುಗಳ ಲೆಕ್ಕ ಸರಿ ಇದೆಯೇ ಅಂತ ನೋಡಿಕೊಂಡು ಒಂದು 9, ಒಂದು 8 ತಂದೆವು.

ಆಗಸ್ಟ್: ನೀರಿನಲ್ಲಿ

ಮೊದಲು ಹಳೇ ಪ್ರೊಪೆಲ್ಲರಿನಲ್ಲೇ ಓಡಿಸಿದೆವು. ತಳ ಕೆರೆದದ್ದು, ಕೇಬಲ್, ಎತ್ತರ ಇವುಗಳಿಂದ ಎಷ್ಟು ಸಿಕ್ಕಿತು ಅಂತ ಬೇರೆಯಾಗಿ ಗೊತ್ತಾಗಬೇಕಲ್ವಾ. ಪೂರ್ತಿ ಭಾರದಲ್ಲಿ 3900 ಆರ್‌ಪಿಎಂ, 13 ಕಿಮೀ. ಏನೋ ಸ್ವಲ್ಪ ಸಿಕ್ಕಿತು. ದೋಣಿ ಮಾತ್ರ ಏಳಲಿಲ್ಲ.

ಇಲ್ಲಿ ಸ್ಲಿಪ್ ಲೆಕ್ಕ ಹಾಕುವುದು ಹೇಗೆ ಅಂತ ಬರೆದುಬಿಡುತ್ತೇನೆ. ಈ ಮೋಟಾರಿನ ಗೇರ್ ಅನುಪಾತ 2.08. ಎಂಜಿನ್ 3900 ಸುತ್ತಿದರೆ ಪ್ರೊಪೆಲ್ಲರ್ 1875 ಸುತ್ತುತ್ತದೆ. ಅದನ್ನು ಪಿಚ್ 10.5ರಿಂದ, ಮತ್ತೆ 0.001524ರಿಂದ (ನಿಮಿಷಕ್ಕೆ ಇಷ್ಟು ಇಂಚು ಅನ್ನುವುದನ್ನು ಗಂಟೆಗೆ ಇಷ್ಟು ಕಿಮೀ ಮಾಡುವ ಸಂಖ್ಯೆ ಇದು) ಗುಣಿಸಿದರೆ ಗಂಟೆಗೆ 30 ಕಿಮೀ. ಸ್ಕ್ರೂ ಮರಕ್ಕೆ ಇಳಿದ ಹಾಗೆ ಹೋಗಿದ್ದರೆ ಬರಬೇಕಾದ ವೇಗ ಅದು. ಬಂದದ್ದು 13. ಅಂದರೆ 57 ಪರ್ಸೆಂಟ್ ಜಾರಿಹೋಗಿದೆ. ಎದ್ದು ಓಡುವ ಸಣ್ಣ ದೋಣಿಯಲ್ಲಿ 20ರಿಂದ 30ರೊಳಗೆ ಇದ್ದರೆ ನನಗೆ ಸಮಾಧಾನ.

ಆಮೇಲೆ 9 ಹಾಕಿದೆವು. ಹಿಡಿ ತಿರುಗಿಸಿದ ಕೂಡಲೇ ಮೀಟರ್ 5400ಕ್ಕೆ ಹಾರಿತು. ಮಾವ ಖುಷಿಯಿಂದ ನನ್ನ ಮುಖ ನೋಡಿದರು. ಮೊಬೈಲ್ ನೋಡಿದೆ, ಗಂಟೆಗೆ 10 ಕಿಮೀ! ಹಳೆಯದಕ್ಕಿಂತ ಕಡೆ. ಲೆಕ್ಕ ಹಾಕಿದರೆ ಸ್ಲಿಪ್ 72 ಪರ್ಸೆಂಟ್.

ಆರ್‌ಪಿಎಂ ಹೀಗೆ ಏರಿ ದೋಣಿ ಹೋಗದಿದ್ದರೆ ಎರಡು ಅನುಮಾನ. ಒಂದು, ಗಾಳಿ ಎಳೆದುಕೊಳ್ಳುತ್ತಿದೆ. ಮೋಟಾರ್ ಎತ್ತಿದ್ದೆವಲ್ಲ, ಅದು ಜಾಸ್ತಿ ಆಯಿತೇ ಅಂತ ಎದೆ ಧಸಕ್ಕೆಂದಿತು. ಆದರೆ ಹಿಂದೆ ನೊರೆ ಅಷ್ಟೇನೂ ಇರಲಿಲ್ಲ, ಹಳೇ ಪ್ರೊಪೆಲ್ಲರಿನಲ್ಲಿ ಹೀಗಾಗಿಯೂ ಇರಲಿಲ್ಲ. ಎರಡನೆಯದು, ಒಳಗಿನ ರಬ್ಬರ್ ಬುಷ್. ಪ್ರೊಪೆಲ್ಲರಿನ ನಡುವೆ ಹಿತ್ತಾಳೆಯ ಒಂದು ತೋಳು ಇರುತ್ತದೆ, ಶಾಫ್ಟಿನ ಹಲ್ಲುಗಳು ಕೂರುವುದು ಅದರೊಳಗೆ. ಆ ತೋಳಿಗೂ ಹೊರಗಿನ ಅಲ್ಯೂಮಿನಿಯಮ್ಮಿಗೂ ನಡುವೆ ಬಿಗಿಯಾಗಿ ಕೂರಿಸಿದ ರಬ್ಬರ್. ಗೇರ್ ಹಾಕಿದಾಗಿನ ಏಟನ್ನು, ಏನಾದರೂ ಬಡಿದಾಗಿನ ಏಟನ್ನು ಅದು ನುಂಗುತ್ತದೆ. ಹಳೆಯದಾದರೆ ಹಿಡಿತ ಬಿಡುತ್ತದೆ. ನಿಧಾನಕ್ಕೆ ಹೋಗುವಾಗ ಸರಿಯಾಗಿಯೇ ತಳ್ಳುತ್ತದೆ, ಜೋರು ಕೊಟ್ಟ ಕೂಡಲೇ ಒಳಗೇ ಜಾರುತ್ತದೆ.

ದಡಕ್ಕೆ ತಂದು, ಹಿಂದಿನಿಂದ ಕಾಣುವ ಹಾಗೆ ತೋಳಿನಿಂದ ಹೊರಮೈಗೆ ಅಡ್ಡಲಾಗಿ ನೇಲ್ ಪಾಲಿಶಿನ ಒಂದು ನೇರ ಗೆರೆ ಎಳೆದೆ. ನೇಲ್ ಪಾಲಿಶ್ ಅತ್ತೆಯದು. ಮತ್ತೆ ಒಂದು ನಿಮಿಷ ಜೋರಾಗಿ ಓಡಿಸಿ ಬಂದು ನೋಡಿದರೆ ಗೆರೆ ಎರಡು ತುಂಡಾಗಿತ್ತು. ಹೊರಗಿನ ತುಂಡು ಎರಡು ಬೆರಳಿನಷ್ಟು ಪಕ್ಕಕ್ಕೆ ಸರಿದಿತ್ತು. ಅಂದರೆ ಶಾಫ್ಟ್ ಸುತ್ತುತ್ತಿತ್ತು, ರೆಕ್ಕೆ ಅಷ್ಟು ಸುತ್ತುತ್ತಿರಲಿಲ್ಲ.

ಪ್ರೊಪೆಲ್ಲರ್ ಕೊಟ್ಟವರಿಗೆ ಅದನ್ನು ತೋರಿಸಿದೆವು. ಅವರು ಒಂದು ವರ್ಷದಿಂದ "ಮೋಟಾರ್ ವೀಕ್ ಆಯ್ತ್" ಅಂತ ಆ ಪ್ರೊಪೆಲ್ಲರನ್ನು ಮೂಲೆಗೆ ಹಾಕಿ ಮೋಟಾರ್ ಮಾರುವ ಯೋಚನೆಯಲ್ಲಿದ್ದರು. ಮೋಟಾರ್ ಉಳಿಯಿತು.

ಬೇರೊಂದು 9 ಸಿಗಲು ನಾಲ್ಕು ದಿನ ಬೇಕಾಯಿತು. ಹಾಕುವಾಗ ಒಳಗಿನ ಥ್ರಸ್ಟ್ ವಾಷರ್ ತಪ್ಪದೆ ಕೂರಿಸಿ, ಶಾಫ್ಟಿನ ಹಲ್ಲುಗಳಿಗೆ ನೀರಿಗೆ ಜಗ್ಗದ ಗ್ರೀಸ್ ಹಚ್ಚಿ, ನಟ್ ಬಿಗಿದು, ಹೊಸ ಪಿನ್ ಹಾಕಿದೆ. ಹಳೇ ಪಿನ್ ಮತ್ತೆ ಬಗ್ಗಿಸಿ ಹಾಕುವ ಅಭ್ಯಾಸ ಬಿಡಬೇಕು. ಒಂದು ಪಿನ್ ಮುರಿದರೆ ಪ್ರೊಪೆಲ್ಲರೇ ಹೊಳೆಯ ತಳಕ್ಕೆ.

ಪೂರ್ತಿ ಭಾರದಲ್ಲಿ 4650 ಆರ್‌ಪಿಎಂ. 14 ಸೆಕೆಂಡಿಗೆ ದೋಣಿ ಮೂತಿ ಇಳಿಸಿ ನೀರಿನ ಮೇಲೆ ಎದ್ದಿತು. 22 ಕಿಮೀ. ಮೂವರೂ ಮಾತಾಡಲಿಲ್ಲ. ಆ ದೋಣಿ ಅಷ್ಟು ಭಾರ ಹೊತ್ತು ಎದ್ದದ್ದನ್ನು ಮಾವ ಮೊದಲ ಸಲ ನೋಡಿದ್ದು. ಇಬ್ಬರೇ ಕೂತಾಗ 5250, 28 ಕಿಮೀ. ಹೆಚ್ಚು ಪಿಚ್ ಇದ್ದ ಪ್ರೊಪೆಲ್ಲರಿಗಿಂತ ಕಮ್ಮಿ ಪಿಚ್‌ನದು ಖಾಲಿ ದೋಣಿಯಲ್ಲೂ ಜೋರಾಗಿ ಓಡಿಸಿತು. ಎಂಜಿನ್ ತನ್ನ ಶಕ್ತಿ ಕೊಡುವ ಜಾಗಕ್ಕೆ ಈಗ ಮುಟ್ಟುತ್ತಿದೆ, ಅದಕ್ಕೆ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ದೋಣಿ ಹೋಗುವಾಗಿನ ಭಾರವೇ ಬೇರೆ, ಬರುವಾಗಿನದೇ ಬೇರೆ. ಬಲೆ ಒದ್ದೆಯಾಗಿರುತ್ತದೆ, ಮೀನು ಇರುತ್ತದೆ. 35 ಲೀಟರಿನ ಎರಡು ಕ್ಯಾನಿಗೆ ನೀರು ತುಂಬಿಸಿ ಇನ್ನೂ 70 ಕೆಜಿ ಹಾಕಿದೆವು. 9ರಲ್ಲಿ ಆರ್‌ಪಿಎಂ 4150ಕ್ಕೆ ಬಿತ್ತು. ದೋಣಿ ಮತ್ತೆ ಕೂತುಬಿಟ್ಟಿತು. 14 ಕಿಮೀ.

8 ಹಾಕಿ ಅದೇ 70 ಕೆಜಿಯ ಜೊತೆ ಓಡಿಸಿದೆವು. 4750, 20 ಕಿಮೀ, ಎದ್ದೇ ಇತ್ತು. ಕ್ಯಾನ್ ಇಳಿಸಿದ ಮೇಲೆ 5050, 22.5 ಕಿಮೀ. ಏಳಲು 8 ಸೆಕೆಂಡ್ ಸಾಕು. ಇಬ್ಬರೇ ಕೂತರೆ ಮಾತ್ರ 5700ಕ್ಕೆ ಹೋಗುತ್ತದೆ. ಅದು ಮಿತಿಗಿಂತ ಮೇಲೆ, ಹಾಗೆ ಓಡಿಸಬಾರದು. ಹಿಡಿಯನ್ನು ಸ್ವಲ್ಪ ಹಿಂದಕ್ಕೆ ತಂದು 5300ರಲ್ಲಿ ಇಟ್ಟರೆ 25 ಕಿಮೀ ಸಿಗುತ್ತದೆ. ಭಾರ ಕಮ್ಮಿ ಇದ್ದಾಗ ಕೈ ಹಿಂದೆ ತರುವುದು ನಮ್ಮ ಹಿಡಿತದಲ್ಲಿದೆ. ಭಾರ ಜಾಸ್ತಿ ಇದ್ದಾಗ ಏರದ ಆರ್‌ಪಿಎಂ ತರಿಸುವುದು ಯಾರ ಕೈಯಲ್ಲೂ ಇಲ್ಲ. ಹಾಗಾಗಿ ಕೆಲಸದ ದೋಣಿಗೆ 8 ಅನ್ನುವುದು ನನ್ನ ತೀರ್ಮಾನ.

ನಾಲ್ಕು ರೆಕ್ಕೆಯದು, ಸ್ಟೇನ್‌ಲೆಸ್ ಸ್ಟೀಲಿನದು ಹಾಕಿದರೆ ಹೇಗೆ ಅಂತ ಬಂದರಿನಲ್ಲಿ ತುಂಬಾ ಜನ ಕೇಳಿದರು. ನಾಲ್ಕು ರೆಕ್ಕೆ ನೀರನ್ನು ಗಟ್ಟಿಯಾಗಿ ಹಿಡಿಯುತ್ತದೆ ನಿಜ, ಅದೇ ಪಿಚ್ಚಿನಲ್ಲಿ ಆರ್‌ಪಿಎಂ ಇನ್ನೂ ಸ್ವಲ್ಪ ಇಳಿಸುತ್ತದೆ. ಸ್ಟೀಲಿನ ರೆಕ್ಕೆ ಸುಲಭಕ್ಕೆ ಬಾಗುವುದಿಲ್ಲ. ಆದರೆ ಅಳಿವೆಯ ಮರಳು ದಿಬ್ಬಕ್ಕೋ ಬಂಡೆಗೋ ಬಡಿದಾಗ ಅಲ್ಯೂಮಿನಿಯಮ್ ರೆಕ್ಕೆ ತಾನು ಬಾಗಿ ಏಟನ್ನು ಕಮ್ಮಿ ಮಾಡುತ್ತದೆ. ಸ್ಟೀಲಿನದು ಆ ಏಟನ್ನು ಗೇರಿಗೆ ಕಳಿಸಬಹುದು. ನಮ್ಮ ನೀರಿಗೆ, ಈ ಸಣ್ಣ ಮೋಟಾರಿಗೆ ನಾನು ಅಲ್ಯೂಮಿನಿಯಮ್ಮನ್ನೇ ಹೇಳುತ್ತೇನೆ.

ಐಸ್ ಪೆಟ್ಟಿಗೆಯನ್ನು ಹಿಂದಿನಿಂದ ನಡುವಿಗೆ ತಂದೆವು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ದೋಣಿ ಏಳುವ ಹೊತ್ತು ಇನ್ನೂ 2 ಸೆಕೆಂಡ್ ಕಮ್ಮಿಯಾಯಿತು.

ಸೆಪ್ಟೆಂಬರ್

ಹೊಸ 8 ತಂದು ಹಾಕಿ ಒಂದು ತಿಂಗಳಾದ ಮೇಲೆ ಮತ್ತೆ ಹೋದೆ. ಪ್ಲಗ್ ತೆಗೆದು ನೋಡಿದೆ. ಮೇ ತಿಂಗಳಲ್ಲಿ ಕರ್ರಗೆ ಒದ್ದೆಯಾಗಿದ್ದವು. ಈಗ ಎರಡೂ ತಿಳಿ ಕಂದು, ಒಣಗಿದ್ದವು. ಮೊದಲು ಹೋಗಿ ಬರುವ 20 ಕಿಮೀಗೆ 11 ಲೀಟರ್ ಪೆಟ್ರೋಲ್ ಬೇಕಾಗುತ್ತಿತ್ತು. ಈಗ 7ರ ಹತ್ತಿರ. ಮಾವ ಬೋರ್ ಮಾಡಿಸಲು ಎತ್ತಿಟ್ಟಿದ್ದ ಹಣದಲ್ಲಿ ಎರಡು ಲೈಫ್ ಜಾಕೆಟ್ ತಂದಿದ್ದರು.

ಅಂದು ಅವರ ಜೊತೆ ನಾನೂ ಹೋದೆ. ಬರುವಾಗ ಐಸ್ ಪೆಟ್ಟಿಗೆ ತುಂಬಾ ಬಂಗುಡೆ. ಇಳಿತ ಶುರುವಾಗಿತ್ತು. ಅಳಿವೆಯ ಬಾಯಿಯಲ್ಲಿ ನೀರು ಎದುರಿಗೆ ಬರುತ್ತಿತ್ತು, ಹಿಂದೆ ಅಲೆ ಏಳುತ್ತಿತ್ತು. ಮಾವ ಎರಡು ಅಲೆ ಕಾದರು. ಮೂರನೆಯದರ ಬೆನ್ನ ಮೇಲೆ ಹಿಡಿ ಪೂರ್ತಿ ತಿರುಗಿಸಿದರು. ಮೀಟರ್ 4800 ದಾಟಿತು. ದೋಣಿ ಅಲೆಯ ಜೊತೆಗೇ ಓಡಿ ಒಳಗಿನ ಶಾಂತ ನೀರಿಗೆ ಬಂತು.

"ಕಂಡ್ಯಾ," ಅಂದರು ಮಾವ. ಹಿಡಿಯನ್ನು ನಿಧಾನಕ್ಕೆ ಹಿಂದಕ್ಕೆ ತಂದರು.

ಹಳೇ ಹತ್ತೂವರೆಯನ್ನು ಪಿಚ್ ಅಳೆದು ಸರಿಮಾಡುವವರ ಬಳಿ ಕಳಿಸಿದ್ದೇವೆ. ಮೂರೂ ರೆಕ್ಕೆಯನ್ನು 9ಕ್ಕೆ ತರಲು ಆಗುತ್ತದೆಯೇ ಅಂತ ಕೇಳಿದ್ದೇವೆ. ಹಾಗೆ ಮಾಡಲು ಆದರೆ ಅದು ದೋಣಿಯೊಳಗೆ ಸ್ಪೇರ್ ಆಗಿ ಇರುತ್ತದೆ, ಜೊತೆಗೆ ಒಂದು ನಟ್, ಎರಡು ಪಿನ್, ಒಂದು ಸ್ಪ್ಯಾನರ್. ಬಂದ ಕೂಡಲೇ ಅದನ್ನು ಗಾಜಿನ ಮೇಲಿಟ್ಟು ನಾನೇ ಇನ್ನೊಮ್ಮೆ ಅಳೆಯುತ್ತೇನೆ.